ಓಟದ ಕಾರಿನ ಅಸ್ಥಿಪಂಜರ

ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ ಕಡರನಾಯಕನಹಳ್ಳಿ ಎಂಬುದೊಂದು ಊರು. ಅಲ್ಲಾಗಲಿ, ನಮ್ಮ ನಾಡಿನ ಬೇರೆ ಯಾವುದೇ ಹಳ್ಳಿಯಲ್ಲಾಗಲಿ, ಸುಗ್ಗಿಯ ದಿನಗಳಲ್ಲಿ ಫಸಲನ್ನು ಹೊತ್ತು ಸಾಗುವ ವಾಹನಗಳು ನಮಗೆಲ್ಲ ಪರಿಚಿತವಾದವು: ಒಂದು ಎತ್ತಿನ ಬಂಡಿ, ಇನ್ನೊಂದು ಟ್ರ್ಯಾಕ್ಟರಿನ ಹಿಂದೆ ಜೋಡಿಸಿದ ಟ್ರೈಲರು. ಬಂಡಿಯ ಮೇಲುಹಾಸನ್ನು ಕಳಚಿ ನೋಡಿದರೆ ಎರಡು ಉದ್ದನೆಯ ಮರದ ತೊಲೆಗಳೂ ಅವುಗಳನ್ನು ಬಂಧಿಸುವ ಕೆಲವು ಅಡ್ಡಪಟ್ಟಿಗಳೂ ಕಾಣುತ್ತವೆ. ಟ್ರೈಲರಿನ ಅಡಿಯಲ್ಲಿ ಬಗ್ಗಿ ನೋಡಿದರೆ ಅಲ್ಲಿಯೂ ಅದೇ ಏರ್ಪಾಡು. ಮರದ ಬದಲು ಉಕ್ಕು, ಅಷ್ಟೇ ವ್ಯತ್ಯಾಸ. ಹೊರೆಯೆಲ್ಲ ಈ ಚೌಕಟ್ಟಿನ ಮೇಲೆ ನಿಲ್ಲುತ್ತದೆ. ಚೌಕಟ್ಟು ಅದನ್ನು ಅಚ್ಚಿಗೂ ಅಚ್ಚು ಚಕ್ರಗಳಿಗೂ ಒಪ್ಪಿಸುತ್ತವೆ.

ಮೋಟಾರು ವಾಹನಗಳಲ್ಲಿ ಇಂತಹ ಮೂಲ ಚೌಕಟ್ಟಿಗೆ ‘ಚಾಸಿ’ ಎಂದು ಹೆಸರು. ಮನುಷ್ಯನ ದೇಹಕ್ಕೆ ಅಸ್ಥಿಪಂಜರ ಹೇಗೋ ವಾಹನಕ್ಕೆ ಚಾಸಿ ಹಾಗೆ. ಎಂಜಿನ್ನು, ಚಕ್ರಗಳನ್ನು ಹಿಡಿದಿರುವ ಸ್ಪ್ರಿಂಗುಗಳು, ಚುಕ್ಕಾಣಿ, ಚಾಲಕನ ಆಸನ ಇವೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುವುದು ಅದರ ಆಸರೆಯಿಂದಲೇ. ಹೊರಗಿನ ಬಣ್ಣದ ತಗಡನ್ನು ನೋಡಿ ನಾವು ಕಾರನ್ನು ಮೆಚ್ಚುತ್ತೇವೆ. ಆದರೆ ಅದರ ನಡಿಗೆಯ ಗುಣಾವಗುಣಗಳು ಕಣ್ಣಿಗೆ ಕಾಣದ ಈ ಎಲುಬಿನಲ್ಲಿ ಅಡಗಿರುತ್ತವೆ. ಸಾಮಾನ್ಯ ಕಾರಿಗಿಂತ ಪಂದ್ಯದ ಪಥದಲ್ಲಿ ಓಡುವ ಹಗುರವಾದ ಕಾರಿನಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ವ್ಯಕ್ತವಾಗುತ್ತದೆ. ಅಂತಹ ಕಾರನ್ನು ಕಟ್ಟಬೇಕೆಂದು ಹೊರಟವರು ಮೊಟ್ಟಮೊದಲಿಗೆ ಎದುರಿಸಬೇಕಾದ ಪ್ರಶ್ನೆಯೂ ಇದೇ: ಯಾವ ಬಗೆಯ ಚಾಸಿಯನ್ನು ಆರಿಸಬೇಕು?

ಪಂದ್ಯದ ಕಾರು ಹಗುರವಾಗಿರಬೇಕೆಂದು ಏಕೆ ಹೇಳುತ್ತಾರೆ? ಇದಕ್ಕೆ ಉತ್ತರ ನ್ಯೂಟನ್ನನ ಎರಡನೆಯ ಚಲನ ನಿಯಮದಲ್ಲಿದೆ. ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಸಮ. ಚಕ್ರಗಳು 1500 ನ್ಯೂಟನ್ ಬಲದಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತಿವೆ ಎಂದು ಭಾವಿಸೋಣ. ಕಾರಿನ ದ್ರವ್ಯರಾಶಿ 500 ಕಿಲೋಗ್ರಾಂ ಆಗಿದ್ದರೆ ಅದರ ವೇಗವು ಪ್ರತಿ ಸೆಕೆಂಡಿಗೆ 3 ಮೀಟರಿನಷ್ಟು ಹೆಚ್ಚುತ್ತದೆ. ದ್ರವ್ಯರಾಶಿಯನ್ನು 300 ಕಿಲೋಗ್ರಾಮಿಗೆ ಇಳಿಸಿದರೆ ಅದೇ ಎಂಜಿನ್ನು ಅದೇ ಬಲದಿಂದ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗವನ್ನು ಹೆಚ್ಚಿಸಬಲ್ಲದು. ಓಟಕ್ಕೆ ಮಾತ್ರವಲ್ಲ, ನಿಲ್ಲುವುದಕ್ಕೂ ತಿರುಗುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ‘ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ’ ಎಂಬ ಗಾದೆಯಂತೆ, ಪ್ರತಿಯೊಂದು ವಾಹನವೂ ಹೊರೆಗಿಂತ ಮೊದಲು ತನ್ನ ಭಾರವನ್ನೇ ತಾನು ಹೊರಬೇಕಾಗಿದೆ.

ಹಾಗಾದರೆ ಚೌಕಟ್ಟಿನ ಲೋಹವನ್ನು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಮಾಡಿದರೆ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ತೊಡಕು. ಚಾಸಿ ಹಗುರವಾಗಿದ್ದರೆ ಸಾಲದು, ಅದು ಬಾಗಬಾರದು, ತಿರುಚಿಕೊಳ್ಳಬಾರದು. ಈ ಗುಣಕ್ಕೆ ದೃಢತೆ ಎನ್ನುತ್ತಾರೆ. ದೃಢತೆಯ ಬೆಲೆಯನ್ನು ಹರಿಹರದ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಆ ಊರಿನಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹಲವು ದಶಕಗಳ ಕಾಲ ಲೇತುಗಳನ್ನು ತಯಾರಿಸಿ ದೇಶದ ನಾನಾ ಕಡೆಗೆ ಕಳುಹಿಸಿತು. ಕಾರ್ಖಾನೆ ಈಗ ಇತಿಹಾಸಕ್ಕೆ ಸೇರಿದೆ. ಆದರೆ ಲೇತಿನ ಪಾಠ ಉಳಿದಿದೆ. ಲೇತಿನ ತಳಪಾಯವು ದಪ್ಪನೆಯ ಎರಕದ ಕಬ್ಬಿಣದ್ದು. ಕೊರೆಯುವ ಉಳಿಯ ಒತ್ತಡಕ್ಕೆ ಅದು ಕೂದಲೆಳೆಯಷ್ಟು ಬಾಗಿದರೂ ತಯಾರಾಗುವ ಭಾಗದ ಅಳತೆ ಕೆಡುತ್ತದೆ. ಆದುದರಿಂದ ಲೇತನ್ನು ಕಟ್ಟುವವನು ತೂಕಕ್ಕೆ ಅಂಜುವುದಿಲ್ಲ. ಭಾರವೇ ಅವನಿಗೆ ಮಿತ್ರ. ಓಟದ ಕಾರನ್ನು ಕಟ್ಟುವವನಿಗೂ ಅಂತಹುದೇ ದೃಢತೆ ಬೇಕು. ಆದರೆ ಭಾರವು ಅವನಿಗೆ ಶತ್ರು. ಒಂದನ್ನು ಪಡೆಯಹೋದರೆ ಇನ್ನೊಂದು ಕೈತಪ್ಪುವಂತಹ ಈ ಸಂದಿಗ್ಧವೇ ಚಾಸಿ ರಚನೆಯ ಮೂಲ ಸಮಸ್ಯೆ.

ಚಾಸಿ ತಿರುಚಿಕೊಂಡರೆ ಆಗುವ ಹಾನಿಯೇನು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಚಾಲಕನೂ ಸೇರಿ 300 ಕಿಲೋಗ್ರಾಂ ಇರುವ ಕಾರೊಂದು 25 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ವೇಗದಿಂದ ಸಾಗುತ್ತಿದೆ. ಆಗ ಅದರ ಕೇಂದ್ರಾಭಿಮುಖ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ 9 ಮೀಟರ್. ಭೂಮಿಯ ಗುರುತ್ವಕ್ಕೆ ಹತ್ತಿರ ಹತ್ತಿರ ಸಮ. ಕಾರಿನ ಗುರುತ್ವಕೇಂದ್ರವು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿದ್ದು, ಎಡಬಲ ಚಕ್ರಗಳ ನಡುವಣ ಅಂತರ 120 ಸೆಂಟಿಮೀಟರ್ ಇದ್ದರೆ, ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ 675 ನ್ಯೂಟನ್ ಭಾರ ವರ್ಗವಾಗುತ್ತದೆ. ನಿಂತಾಗ ಎರಡು ಬದಿಗಳೂ ತಲಾ 1470 ನ್ಯೂಟನ್ ಹೊತ್ತಿದ್ದರೆ, ತಿರುವಿನಲ್ಲಿ ಹೊರಬದಿಗೆ 2145, ಒಳಬದಿಗೆ 795 ಆಗುತ್ತದೆ. ಈ ಭಾರದಲ್ಲಿ ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನ ಚಕ್ರಕ್ಕೆ ಎಷ್ಟು ಎಂಬುದನ್ನು ಸ್ಪ್ರಿಂಗುಗಳ ಮೂಲಕ ನಿರ್ಧರಿಸುವುದು ಕುಶಲ ತಂತ್ರಜ್ಞನ ಕೆಲಸ. ಆದರೆ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ಇರುವ ಚಾಸಿಯೇ ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡರೆ ಆ ಲೆಕ್ಕಾಚಾರವೆಲ್ಲ ವ್ಯರ್ಥ. ಚಾಸಿಯು ತಾನೇ ಒಂದು ಸ್ಪ್ರಿಂಗಿನಂತೆ ವರ್ತಿಸತೊಡಗುತ್ತದೆ. ಅದನ್ನು ಹತೋಟಿಯಲ್ಲಿಡುವ ಸಾಧನ ಯಾವುದೂ ಚಾಲಕನ ಬಳಿ ಇರುವುದಿಲ್ಲ.

ಇಲ್ಲಿ ಬಲ ಮತ್ತು ದೃಢತೆ ಎಂಬ ಎರಡು ಗುಣಗಳ ಭೇದವನ್ನು ಅರಿಯಬೇಕು. ಎಷ್ಟು ಭಾರಕ್ಕೆ ಒಂದು ಸಲಾಕೆ ಮುರಿಯುತ್ತದೆ ಎಂಬುದು ಅದರ ಬಲದ ವಿಷಯ. ಮುರಿಯುವ ಮೊದಲು ಎಷ್ಟು ಬಾಗುತ್ತದೆ ಎಂಬುದು ಅದರ ದೃಢತೆಯ ವಿಷಯ. ಸಾಮಾನ್ಯವಾದ ಮೃದು ಉಕ್ಕಿಗಿಂತ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಮಿಶ್ರ ಉಕ್ಕು ಹೆಚ್ಚು ಬಲಶಾಲಿ. ಆದರೆ ಒಂದೇ ಅಳತೆಯ ಎರಡು ಕೊಳವೆಗಳನ್ನು ತೆಗೆದುಕೊಂಡು ಸಮನಾದ ಭಾರವನ್ನು ತೂಗಿಬಿಟ್ಟರೆ ಎರಡೂ ಬಹುತೇಕ ಒಂದೇ ಪ್ರಮಾಣದಲ್ಲಿ ಬಾಗುತ್ತವೆ. ದುಬಾರಿಯಾದ ಉಕ್ಕನ್ನು ಕೊಂಡ ಮಾತ್ರಕ್ಕೆ ಚಾಸಿ ದೃಢವಾಗುವುದಿಲ್ಲ. ಅಲ್ಯುಮಿನಿಯಮ್ಮಿನ ತೂಕ ಉಕ್ಕಿನ ತೂಕದ ಮೂರನೆಯ ಒಂದು ಭಾಗ. ಆದರೆ ಅದರ ದೃಢತೆಯೂ ಸುಮಾರು ಮೂರನೆಯ ಒಂದು ಭಾಗವೇ. ಆದುದರಿಂದ ಲೋಹವನ್ನು ಬದಲಾಯಿಸುವುದಕ್ಕಿಂತ ಇರುವ ಲೋಹವನ್ನು ಯಾವ ಆಕಾರದಲ್ಲಿ, ಯಾವ ಸ್ಥಳದಲ್ಲಿ ಇರಿಸಬೇಕು ಎಂದು ಯೋಚಿಸುವುದೇ ಜಾಣತನ.

ಆಕಾರದ ಮಹಿಮೆಗೆ ಮೊದಲ ನಿದರ್ಶನ ಟೊಳ್ಳು ಕೊಳವೆ. 20 ಮಿಲಿಮೀಟರ್ ವ್ಯಾಸದ ಗಟ್ಟಿಯಾದ ಉಕ್ಕಿನ ಸರಳೊಂದನ್ನು ಊಹಿಸಿಕೊಳ್ಳಿ. ಅಷ್ಟೇ ಉದ್ದಕ್ಕೆ ಅಷ್ಟೇ ಉಕ್ಕನ್ನು ಬಳಸಿ 40 ಮಿಲಿಮೀಟರ್ ಹೊರವ್ಯಾಸದ ಕೊಳವೆಯನ್ನು ಮಾಡಿದರೆ ಅದರ ಗೋಡೆಯ ದಪ್ಪ ಸುಮಾರು 2.7 ಮಿಲಿಮೀಟರ್ ಆಗುತ್ತದೆ. ತೂಕ ಒಂದು ಗ್ರಾಮಿನಷ್ಟೂ ಹೆಚ್ಚಲಿಲ್ಲ. ಆದರೆ ಬಾಗುವಿಕೆಗೂ ತಿರುಚುವಿಕೆಗೂ ಕೊಳವೆಯು ಒಡ್ಡುವ ಪ್ರತಿರೋಧ ಸರಳಿನದಕ್ಕಿಂತ 7 ಪಟ್ಟು ಅಧಿಕ. ಮಧ್ಯದಲ್ಲಿರುವ ಲೋಹ ಕೆಲಸ ಮಾಡುವುದು ಕಡಿಮೆ, ಅಂಚಿನಲ್ಲಿರುವ ಲೋಹ ಕೆಲಸ ಮಾಡುವುದು ಹೆಚ್ಚು. ಪ್ರಕೃತಿಯು ಬಿದಿರನ್ನೂ ಹಕ್ಕಿಯ ಎಲುಬನ್ನೂ ಟೊಳ್ಳಾಗಿ ನಿರ್ಮಿಸಿರುವುದರ ರಹಸ್ಯ ಇದೇ.

ಎರಡನೆಯ ನಿದರ್ಶನ ತ್ರಿಕೋನ. ಜೋಳದ ದಂಟಿನ ನಾಲ್ಕು ತುಂಡುಗಳನ್ನು ಚೌಕಾಕಾರವಾಗಿ ಇರಿಸಿ, ಮೂಲೆಗಳಲ್ಲಿ ಗುಂಡುಸೂಜಿ ಚುಚ್ಚಿ ಜೋಡಿಸಿರಿ. ಒಂದು ಮೂಲೆಯನ್ನು ಒತ್ತಿದೊಡನೆ ಚೌಕವು ವಾಲಿ ಬೀಳುತ್ತದೆ. ಈಗ ಎದುರು ಬದಿರಿನ ಎರಡು ಮೂಲೆಗಳ ನಡುವೆ ಐದನೆಯ ತುಂಡೊಂದನ್ನು ವಾರೆಯಾಗಿ ಸೇರಿಸಿರಿ. ಚೌಕವು ಎರಡು ತ್ರಿಕೋನಗಳಾಗಿ ಒಡೆದು ಕದಲದೆ ನಿಲ್ಲುತ್ತದೆ. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗಲಾರದು ಎಂಬ ರೇಖಾಗಣಿತದ ಸತ್ಯವೇ ಇಲ್ಲಿ ಕೆಲಸ ಮಾಡುತ್ತದೆ. ಹೊಲಗಳ ನಡುವೆ ನಿಂತ ವಿದ್ಯುತ್ ಗೋಪುರಗಳಲ್ಲಿಯೂ ಅಕ್ಕಿ ಗಿರಣಿಗಳ ತಗಡಿನ ಚಾವಣಿಯನ್ನು ಹೊತ್ತ ಕಬ್ಬಿಣದ ಚೌಕಟ್ಟುಗಳಲ್ಲಿಯೂ ನಾವು ಕಾಣುವುದು ಈ ತ್ರಿಕೋನಗಳ ಸಾಲನ್ನೇ. ಇಂತಹ ರಚನೆಯಲ್ಲಿ ಪ್ರತಿಯೊಂದು ಸಲಾಕೆಯೂ ಎಳೆತಕ್ಕೆ ಅಥವಾ ಒತ್ತಡಕ್ಕೆ ಮಾತ್ರ ಗುರಿಯಾಗುತ್ತದೆ, ಬಾಗುವ ಪ್ರಸಂಗ ಬರುವುದಿಲ್ಲ. ಒಣಗಿದ ದಂಟನ್ನು ಎರಡು ತುದಿ ಹಿಡಿದು ಎಳೆದು ತುಂಡರಿಸುವುದು ಕಷ್ಟ, ಬಗ್ಗಿಸಿ ಮುರಿಯುವುದು ಸುಲಭ ಎಂಬುದು ಎಲ್ಲರ ಅನುಭವದ ಮಾತು.

ಈ ತತ್ತ್ವಗಳ ಹಿನ್ನೆಲೆಯಲ್ಲಿ ಚಾಸಿಯ ಮುಖ್ಯ ಪ್ರಕಾರಗಳನ್ನು ಪರಿಶೀಲಿಸಬಹುದು. ಮೊದಲನೆಯದು ಏಣಿಯಂತಹ ಚೌಕಟ್ಟು. ಬಂಡಿ, ಟ್ರೈಲರು, ಲಾರಿಗಳಲ್ಲಿ ಇರುವುದು ಇದೇ. ಕಟ್ಟುವುದು ಸುಲಭ, ನೇರವಾದ ಹೊರೆಯನ್ನು ಚೆನ್ನಾಗಿ ಹೊರುತ್ತದೆ. ಆದರೆ ಚಪ್ಪಟೆಯಾಗಿರುವುದರಿಂದ ತಿರುಚುವಿಕೆಯನ್ನು ತಡೆಯುವ ಶಕ್ತಿ ಕಡಿಮೆ. ಏಣಿಯ ಒಂದು ತುದಿಯನ್ನು ಒಬ್ಬನೂ ಇನ್ನೊಂದು ತುದಿಯನ್ನು ಇನ್ನೊಬ್ಬನೂ ಹಿಡಿದು ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಇದು ತಿಳಿಯುತ್ತದೆ. ಎರಡನೆಯದು ಬೆನ್ನೆಲುಬಿನಂತಹ ಚಾಸಿ. ಕಾರಿನ ನಟ್ಟನಡುವೆ ಮುಂದಿನಿಂದ ಹಿಂದಕ್ಕೆ ಒಂದೇ ದಪ್ಪನೆಯ ಪೆಟ್ಟಿಗೆಯಾಕಾರದ ಕೊಳವೆ ಸಾಗುತ್ತದೆ. 1962ರಲ್ಲಿ ಇಂಗ್ಲೆಂಡಿನ ಲೋಟಸ್ ಸಂಸ್ಥೆಯು ತಯಾರಿಸಿದ ‘ಎಲಾನ್’ ಎಂಬ ಕಾರು ಇದಕ್ಕೆ ಪ್ರಸಿದ್ಧ ಉದಾಹರಣೆ. ಇದು ಹಗುರ, ತಿರುಚುವಿಕೆಗೂ ಬಗ್ಗದು. ಆದರೆ ಪಕ್ಕದಿಂದ ಬರುವ ಹೊಡೆತಕ್ಕೆ ಚಾಲಕನಿಗೆ ಅದರಿಂದ ರಕ್ಷಣೆ ದೊರೆಯದು.

ಮೂರನೆಯದು ‘ಸ್ಪೇಸ್ ಫ್ರೇಮ್’ ಎಂದು ಕರೆಯಲಾಗುವ ಕೊಳವೆಗಳ ಪಂಜರ. ಸಣ್ಣ ಸಣ್ಣ ಉಕ್ಕಿನ ಕೊಳವೆಗಳನ್ನು ಮೂರು ಆಯಾಮಗಳಲ್ಲಿಯೂ ತ್ರಿಕೋನಗಳಾಗುವಂತೆ ಬೆಸೆದು ಇದನ್ನು ನಿರ್ಮಿಸುತ್ತಾರೆ. ಲೋಟಸ್ ಸಂಸ್ಥೆಯ ಸ್ಥಾಪಕನಾದ ಕಾಲಿನ್ ಚಾಪ್‌ಮನ್ನನು 1957ರಲ್ಲಿ ಹೊರತಂದ ‘ಸೆವೆನ್’ ಎಂಬ ಪುಟ್ಟ ಕಾರು ಇಂತಹ ಪಂಜರವನ್ನು ಹೊಂದಿತ್ತು. ನಾಲ್ಕನೆಯದು ‘ಮೊನೊಕಾಕ್’. ಒಂದೇ ಚಿಪ್ಪು ಎಂಬುದು ಈ ಹೆಸರಿನ ಅರ್ಥ. ಇದರಲ್ಲಿ ಬೇರೆ ಎಲುಬಿಲ್ಲ. ಮೊಟ್ಟೆಯ ಚಿಪ್ಪಿನಂತೆ ಹೊರಕವಚವೇ ಭಾರವನ್ನು ಹೊರುತ್ತದೆ. ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದನ್ನು ಮುಚ್ಚಳ ತೆಗೆದು ತಿರುಚಿ ನೋಡಿ, ಅದು ಸಲೀಸಾಗಿ ಸೊಟ್ಟಗಾಗುತ್ತದೆ. ಮುಚ್ಚಳವನ್ನು ಅಂಟಿನಿಂದ ಭದ್ರಪಡಿಸಿ ತಿರುಚಿ ನೋಡಿ, ಅದು ಹಟ ಹಿಡಿದು ನಿಲ್ಲುತ್ತದೆ. ಮೊನೊಕಾಕಿನ ಬಲವೂ, ಬಾಗಿಲಿಗಾಗಿ ಅದನ್ನು ಕತ್ತರಿಸಿದಾಗ ಬರುವ ದೌರ್ಬಲ್ಯವೂ ಈ ಒಂದು ಪ್ರಯೋಗದಿಂದ ಮನದಟ್ಟಾಗುತ್ತವೆ.

ಪಂದ್ಯದ ಪಥದಲ್ಲಿ ಈ ನಾಲ್ಕನೆಯ ಪ್ರಕಾರವು ದೊಡ್ಡ ಪರಿವರ್ತನೆಯನ್ನೇ ತಂದಿತು. 1962ರಲ್ಲಿ ಚಾಪ್‌ಮನ್ನನು ಅಲ್ಯುಮಿನಿಯಂ ಹಾಳೆಗಳಿಂದ ರಚಿಸಿದ ‘ಲೋಟಸ್ 25’ ಹಿಂದಿನ ಪಂಜರದ ಕಾರುಗಳಿಗಿಂತ ಹಗುರವೂ ದೃಢವೂ ಆಗಿತ್ತು. ಮರುವರ್ಷ, ಎಂದರೆ 1963ರಲ್ಲಿ, ಜಿಮ್ ಕ್ಲಾರ್ಕ್ ಎಂಬ ಚಾಲಕನು ಅದೇ ಕಾರಿನಲ್ಲಿ ವಿಶ್ವ ವಿಜೇತನಾದನು. 1981ರಲ್ಲಿ ಜಾನ್ ಬರ್ನಾರ್ಡ್ ಎಂಬ ತಂತ್ರಜ್ಞನು ಮ್ಯಾಕ್ಲಾರೆನ್ ತಂಡಕ್ಕಾಗಿ ಇಂಗಾಲದ ಎಳೆಗಳಿಂದ ಮಾಡಿದ ಚಿಪ್ಪನ್ನು ರೂಪಿಸಿದನು. ಇಂಗಾಲದ ಎಳೆ ಹಗುರವಾದುದು ನಿಜ. ಆದರೆ ಅಪಘಾತವಾದರೆ ಗಾಜಿನಂತೆ ಚೂರುಚೂರಾಗಿ ಚಾಲಕನ ಪ್ರಾಣಕ್ಕೆ ಎರವಾದೀತೆಂದು ಅನೇಕರು ಶಂಕಿಸಿದರು. ಅದೇ ವರ್ಷ ಇಟಲಿಯ ಮೊಂಜಾ ಪಥದಲ್ಲಿ ಜಾನ್ ವಾಟ್ಸನ್ ಎಂಬ ಚಾಲಕನ ಕಾರು ಭಾರೀ ವೇಗದಲ್ಲಿ ತಡೆಗೋಡೆಗೆ ಅಪ್ಪಳಿಸಿತು. ಎಂಜಿನ್ನು ಕಿತ್ತುಹೋಗಿ ಕಾರು ಎರಡು ಹೋಳಾಯಿತು. ನೋಡುತ್ತಿದ್ದವರು ಆತನು ಬದುಕಿರಲಾರನೆಂದೇ ಭಾವಿಸಿದ್ದರೆ ಅದು ಸಹಜ. ಆದರೆ ಆ ಕಪ್ಪು ಚಿಪ್ಪು ತನ್ನೊಳಗಿನ ಮನುಷ್ಯನನ್ನು ಕಾಪಾಡಿತ್ತು. ವಾಟ್ಸನ್ನನು ತನ್ನ ಕಾಲ ಮೇಲೆ ತಾನೇ ನಡೆದು ಹೊರಬಂದನು. ಚಾಸಿಯು ವೇಗಕ್ಕೆ ಮಾತ್ರವಲ್ಲ, ಜೀವಕ್ಕೂ ಆಧಾರ ಎಂಬುದನ್ನು ಆ ಘಟನೆ ಜಗತ್ತಿಗೆ ತೋರಿಸಿಕೊಟ್ಟಿತು.

ನಮ್ಮ ದೇಶದಲ್ಲಿಯೂ ಈ ವಿದ್ಯೆಯನ್ನು ಶ್ರದ್ಧೆಯಿಂದ ಸಾಧಿಸಿದವರಿದ್ದಾರೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಜನಸಾಮಾನ್ಯರ ಮಾರುತಿ 800 ಕಾರಿನ 796 ಘನ ಸೆಂಟಿಮೀಟರ್ ಎಂಜಿನ್ನನ್ನೇ ಬಳಸಿಕೊಂಡು ‘ಫಾರ್ಮುಲಾ ಮಾರುತಿ’ ಎಂಬ ಪಂದ್ಯದ ಕಾರನ್ನು ರೂಪಿಸಿದರು. ಅದರ ಎಲುಬು ಉಕ್ಕಿನ ಕೊಳವೆಗಳದ್ದು. ವಿದೇಶದ ದುಬಾರಿ ಕಾರನ್ನು ತರಿಸಲಾರದ ಅನೇಕ ತರುಣರು ಅದರಲ್ಲಿ ಕುಳಿತು ಪಂದ್ಯದ ಪಟ್ಟುಗಳನ್ನು ಕಲಿತರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಅವರ ಹೆಸರನ್ನು ಕೊಯಮತ್ತೂರಿನ ಪಂದ್ಯ ಪಥಕ್ಕೆ ಇರಿಸಲಾಗಿದೆ. ನಮ್ಮ ಬೆಂಗಳೂರಿನವರಾದ ಚೇತನ್ ಮೈನಿ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ‘ಸನ್‌ರನ್ನರ್’ ಎಂಬ ಸೌರಶಕ್ತಿಯ ಕಾರನ್ನು ಕಟ್ಟಿದ ತಂಡದಲ್ಲಿದ್ದರು. 1990ರಲ್ಲಿ ಅದು ಅಮೆರಿಕದ ಸೌರ ಕಾರುಗಳ ಪಂದ್ಯವನ್ನು ಗೆದ್ದಿತು. ಬಿಸಿಲಿನಿಂದ ದೊರೆಯುವ ಅಲ್ಪ ಶಕ್ತಿಯಲ್ಲಿ ಓಡಬೇಕಾದ ಕಾರಿಗೆ ಪ್ರತಿಯೊಂದು ಗ್ರಾಂ ತೂಕವೂ ಲೆಕ್ಕಕ್ಕೆ ಬರುವಂತಹುದು. ಮುಂದೆ 2001ರಲ್ಲಿ ಬೆಂಗಳೂರಿನಿಂದ ಹೊರಬಂದ ಅವರ ‘ರೇವಾ’ ವಿದ್ಯುತ್ ಕಾರಿನಲ್ಲಿಯೂ ಉಕ್ಕಿನ ಕೊಳವೆಗಳ ಪಂಜರವಿತ್ತು. ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆಯಿತ್ತು.

ವಿದ್ಯಾರ್ಥಿಗಳೇ ಪಂದ್ಯದ ಕಾರನ್ನು ಕಟ್ಟಿ ಓಡಿಸುವ ಸ್ಪರ್ಧೆಯು 1981ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಅನೇಕ ದೇಶಗಳಿಗೆ ಹಬ್ಬಿದೆ. ಭಾರತದಲ್ಲಿಯೂ ಇಂತಹ ಸ್ಪರ್ಧೆಗಳು ನಡೆಯುತ್ತವೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ’ ಮತ್ತು ಮಣಿಪಾಲದ ‘ಫಾರ್ಮುಲಾ ಮಣಿಪಾಲ್’ ತಂಡಗಳು ಕನ್ನಡ ನಾಡಿನಿಂದ ಈ ಕ್ಷೇತ್ರಕ್ಕೆ ಇಳಿದವುಗಳಲ್ಲಿ ಸೇರಿವೆ. ದಾವಣಗೆರೆಯೂ ತಂತ್ರಶಿಕ್ಷಣಕ್ಕೆ ಹೆಸರಾದ ನಗರ. ಅಲ್ಲಿನ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಲ್ಲಿಯೂ ಬಾಪೂಜಿ ತಾಂತ್ರಿಕ ವಿದ್ಯಾಸಂಸ್ಥೆ 1979ರಲ್ಲಿಯೂ ಸ್ಥಾಪಿತವಾದವು. ಅಂತಹ ಊರಿನ ತರುಣ ತರುಣಿಯರ ಒಂದು ತಂಡವು ಇಂದು ಹಗುರವಾದ ಪಂದ್ಯದ ಕಾರೊಂದನ್ನು ಕಟ್ಟಲು ಸಂಕಲ್ಪಿಸಿದೆ ಎಂದು ಊಹಿಸೋಣ. ಅವರು ಯಾವ ಚಾಸಿಯನ್ನು ಆರಿಸಬೇಕು?

ಇಂಗಾಲದ ಚಿಪ್ಪು ಎಲ್ಲಕ್ಕಿಂತ ಉತ್ತಮವೆಂದು ಓದಿದವರಿಗೆ ಅದರತ್ತ ಮನಸ್ಸು ಹರಿಯುವುದು ಸ್ವಾಭಾವಿಕ. ಆದರೆ ಅದಕ್ಕೆ ಅಚ್ಚುಗಳು ಬೇಕು. ಹದವಾದ ಶಾಖದಲ್ಲಿ ಒತ್ತಡ ಕೊಟ್ಟು ಬೇಯಿಸುವ ಒಲೆ ಬೇಕು. ಒಳಗೆ ಬಿರುಕು ಬಿಟ್ಟಿದ್ದರೆ ಅದನ್ನು ಕಂಡುಹಿಡಿಯುವ ಉಪಕರಣ ಬೇಕು. ಪಂದ್ಯದ ಹಿಂದಿನ ದಿನ ಅದಕ್ಕೆ ಪೆಟ್ಟಾದರೆ ಸರಿಪಡಿಸುವುದು ದುಸ್ಸಾಧ್ಯ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳಿಲ್ಲವೇ? ಏಣಿಯಂತಹ ಚಾಸಿ ಅಗ್ಗವಾದರೂ ಅದನ್ನು ಸಾಕಷ್ಟು ದೃಢಗೊಳಿಸಹೊರಟರೆ ಅದು ಲಾರಿಯಂತೆ ಭಾರವಾಗುತ್ತದೆ. ಬೆನ್ನೆಲುಬಿನ ಚಾಸಿಗೆ ಚಾಲಕನ ರಕ್ಷಣೆಗಾಗಿ ಮತ್ತೊಂದು ಪಂಜರವನ್ನೇ ಜೋಡಿಸಬೇಕಾಗುತ್ತದೆ. ಉಳಿದದ್ದು ಕೊಳವೆಗಳ ಪಂಜರ. ಅದಕ್ಕೆ ಬೇಕಾದ ಉಕ್ಕು ಪೇಟೆಯಲ್ಲಿ ದೊರೆಯುತ್ತದೆ. ಕತ್ತರಿಸುವ, ಬಾಗಿಸುವ, ಬೆಸುಗೆ ಹಾಕುವ ನುರಿತ ಕೈಗಳು ನಮ್ಮ ಊರುಗಳಲ್ಲಿಯೇ ಇವೆ. ಒಂದು ಕೊಳವೆ ಬಾಗಿದರೆ ಅದಷ್ಟನ್ನೇ ಕತ್ತರಿಸಿ ತೆಗೆದು ಹೊಸದನ್ನು ಬೆಸೆಯಬಹುದು. ಬೆಸುಗೆಯ ದೋಷವು ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತದೆ. ಆದುದರಿಂದ ಇಂತಹ ತಂಡಕ್ಕೆ ಪಂಜರವೇ ಯೋಗ್ಯವಾದ ಆಯ್ಕೆ. ಅತ್ಯುತ್ತಮವಾದುದು ಬೇರೆ, ನಮ್ಮ ಕಾರ್ಯಕ್ಕೆ ಉಚಿತವಾದುದು ಬೇರೆ ಎಂಬ ವಿವೇಕವು ತಂತ್ರಜ್ಞನಿಗೆ ಅತ್ಯವಶ್ಯಕ.

ಆಯ್ಕೆಯಾದ ಮೇಲೆ ರಚನೆಯನ್ನು ಎಲ್ಲಿಂದ ಆರಂಭಿಸಬೇಕು? ಕೊಳವೆಗಳಿಂದಲ್ಲ, ಮನುಷ್ಯನಿಂದ. ಮೊದಲು ಚಾಲಕನು ಕುಳಿತುಕೊಳ್ಳುವ ಸ್ಥಳವನ್ನು ಗುರುತಿಸಬೇಕು. ವಿದ್ಯಾರ್ಥಿಗಳ ಸ್ಪರ್ಧೆಯ ನಿಯಮಗಳು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಚಾಲಕನ ಬೆನ್ನ ಹಿಂದೆ ಒಂದು, ಚುಕ್ಕಾಣಿಯ ಮುಂದೆ ಒಂದು, ಹೀಗೆ ಎರಡು ಉಕ್ಕಿನ ಕಮಾನುಗಳಿರಬೇಕು. ಕಾರು ಮಗುಚಿ ಬಿದ್ದರೂ ತಲೆ ನೆಲಕ್ಕೆ ತಾಗಬಾರದು. ಕಮಾನುಗಳ ತುದಿಗಳನ್ನು ಸೇರಿಸುವ ಗೆರೆಯಿಂದ ಶಿರಸ್ತ್ರಾಣವು ಕನಿಷ್ಠ 50 ಮಿಲಿಮೀಟರ್ ಕೆಳಗಿರಬೇಕು. ಅಪಾಯದ ಸಮಯದಲ್ಲಿ ಚಾಲಕನು 5 ಸೆಕೆಂಡುಗಳೊಳಗೆ ಹೊರಬರುವಂತಿರಬೇಕು. ಈ ಕಮಾನುಗಳಿಗೆ 25 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯನ್ನು ಬಳಸಬಹುದು. ಅದರ ತೂಕ ಮೀಟರಿಗೆ ಸುಮಾರು 1.4 ಕಿಲೋಗ್ರಾಂ. ಬೇರೆ ಕೆಲವು ಭಾಗಗಳಿಗೆ 1.6 ಮಿಲಿಮೀಟರ್ ದಪ್ಪದ ಕೊಳವೆ ಸಾಕೆಂದಾದರೆ ಅಲ್ಲಿ ಮೀಟರಿಗೆ ಅರ್ಧ ಕಿಲೋಗ್ರಾಮಿಗೆ ಸಮೀಪದಷ್ಟು ತೂಕ ಉಳಿಯುತ್ತದೆ. ಉಳಿಸಬೇಕಾದುದು ಅಲ್ಲಿ, ಕಮಾನಿನಲ್ಲಿ ಅಲ್ಲ.

ಮನುಷ್ಯನ ಸ್ಥಳ ನಿಶ್ಚಯವಾದ ಬಳಿಕ ಚಕ್ರಗಳು ಮತ್ತು ಎಂಜಿನ್ನು ಚಾಸಿಯನ್ನು ಸೇರುವ ಬಿಂದುಗಳನ್ನು ಗುರುತಿಸಬೇಕು. ಚಕ್ರದಿಂದ ಬರುವ ಬಲವು ಹಲವು ಕೊಳವೆಗಳು ಕೂಡುವ ಗಂಟಿಗೇ ಬಂದು ಸೇರಬೇಕು. ಕೊಳವೆಯ ನಡುಭಾಗಕ್ಕೆ ಬಂದರೆ ಆ ಕೊಳವೆ ಬಾಗುತ್ತದೆ, ತ್ರಿಕೋನದ ಪ್ರಯೋಜನವೇ ಕೈತಪ್ಪುತ್ತದೆ. ಎಲ್ಲ ಕಡೆಯೂ ತ್ರಿಕೋನಗಳನ್ನು ತುಂಬಲು ಸಾಧ್ಯವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಚಾಲಕನು ಒಳಗೆ ಇಳಿಯುವ ಸ್ಥಳವನ್ನು ತೆರೆದೇ ಬಿಡಬೇಕು. ಆದುದರಿಂದ ಅದರ ಎರಡು ಪಕ್ಕಗಳನ್ನು ಎತ್ತರವಾಗಿಯೂ ಬಲವಾಗಿಯೂ ರಚಿಸಬೇಕು. ಎಂಜಿನ್ನನ್ನು ಹೊರತೆಗೆಯುವ ಕಡೆ ವಾರೆಯ ಕೊಳವೆಯನ್ನು ಬೆಸೆಯದೆ ಬೋಲ್ಟುಗಳಿಂದ ಬಿಗಿದರೆ ಬೇಕಾದಾಗ ಬಿಚ್ಚಬಹುದು. ಬೆಸುಗೆಯ ಶಾಖಕ್ಕೆ ಉಕ್ಕು ಸೊಟ್ಟಗಾಗುವ ಸ್ವಭಾವ ಉಳ್ಳದ್ದು. ಅದಕ್ಕಾಗಿ ಕೊಳವೆಗಳನ್ನು ಸಮತಟ್ಟಾದ ಮೇಜಿನ ಮೇಲೆ ಬಿಗಿದು, ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಅಳತೆ ನೋಡಿ, ಆಮೇಲೆ ಒಂದು ಬದಿ ಬಿಟ್ಟು ಇನ್ನೊಂದು ಬದಿಗೆ ಸರದಿಯಂತೆ ಪೂರ್ಣ ಬೆಸುಗೆ ಹಾಕಬೇಕು.

ಕಟ್ಟಿದ ಚಾಸಿಯನ್ನು ಪರೀಕ್ಷಿಸದೆ ಅದರಲ್ಲಿ ಯಾರನ್ನೂ ಕೂರಿಸಬಾರದು. ಪರೀಕ್ಷೆ ಸರಳವಾದುದು. ಹಿಂಭಾಗವನ್ನು ಕದಲದಂತೆ ಬಿಗಿದು, ಮುಂಭಾಗದ ನಡುವೆ ಒಂದು ಆಧಾರವನ್ನು ಕೊಟ್ಟು, ಅಡ್ಡಲಾಗಿ ಒಂದು ತೊಲೆಯನ್ನು ಕಟ್ಟುತ್ತಾರೆ. ಆಧಾರದಿಂದ 1 ಮೀಟರ್ ದೂರದಲ್ಲಿ 50 ಕಿಲೋಗ್ರಾಂ ತೂಕವನ್ನು ತೂಗಿಬಿಟ್ಟರೆ 490 ನ್ಯೂಟನ್ ಮೀಟರಿನ ತಿರುಚುಬಲ ಉಂಟಾಗುತ್ತದೆ. ಆಗ ಮುಂಭಾಗವು ಅರ್ಧ ಡಿಗ್ರಿ ತಿರುಗಿದರೆ ಚಾಸಿಯ ದೃಢತೆ ಡಿಗ್ರಿಯೊಂದಕ್ಕೆ 980 ನ್ಯೂಟನ್ ಮೀಟರ್ ಎಂದಾಯಿತು. ವಾರೆಯ ಕೊಳವೆಯೊಂದನ್ನು ಸೇರಿಸಿ ಮತ್ತೆ ಅಳೆಯಬೇಕು. ಸ್ವಲ್ಪ ತೂಕಕ್ಕೆ ಹೆಚ್ಚು ದೃಢತೆ ದೊರೆತರೆ ಆ ಕೊಳವೆ ಉಳಿಯಲಿ. ದೊರೆಯದಿದ್ದರೆ ಅದು ವ್ಯರ್ಥ ಭಾರ. ಹೀಗೆ ಪ್ರತಿಯೊಂದು ಕೊಳವೆಯೂ ತಾನೇಕೆ ಅಲ್ಲಿದ್ದೇನೆ ಎಂಬ ಪ್ರಶ್ನೆಗೆ ಉತ್ತರ ಹೇಳುವಂತಿರಬೇಕು. ಇಂದು ಗಣಕಯಂತ್ರಗಳು ಈ ಲೆಕ್ಕವನ್ನು ಕಟ್ಟುವ ಮೊದಲೇ ಮಾಡಿಕೊಡುತ್ತವೆ. ಆದರೂ ತೂಗಿಬಿಟ್ಟ ಕಲ್ಲು ಹೇಳುವ ಸಾಕ್ಷ್ಯವನ್ನು ಯಾವ ಗಣಕವೂ ತಳ್ಳಿಹಾಕಲಾರದು.

ಹರಿಹರದಲ್ಲಿ ಹೊಯ್ಸಳರ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ. ಬೇರೆಬೇರೆಯೆಂದು ಜನ ಭಾವಿಸಿದ್ದ ಎರಡನ್ನು ಒಂದರಲ್ಲಿ ಕಾಣಬಹುದೆಂದು ಆ ಶಿಲ್ಪಿ ತೋರಿಸಿದನು. ಹಗುರವಾಗಿರುವುದು, ದೃಢವಾಗಿರುವುದು ಎಂಬ ಎರಡು ಗುಣಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸುವುದು ಚಾಸಿಯನ್ನು ರಚಿಸುವವನ ಕರ್ತವ್ಯ. ಅದನ್ನು ಅವನು ಹಣದಿಂದಲ್ಲ, ತ್ರಿಕೋನ ಮತ್ತು ಕೊಳವೆಗಳ ಅರಿವಿನಿಂದ ಸಾಧಿಸುತ್ತಾನೆ. ಎರಡಕ್ಕೂ ಮೇಲಾಗಿ, ಆ ಪಂಜರದೊಳಗೆ ಕುಳಿತುಕೊಳ್ಳುವುದು ಒಂದು ಜೀವ ಎಂಬುದನ್ನು ಅವನು ಒಂದು ಕ್ಷಣವೂ ಮರೆಯಲಾಗದು. ಗೆಲುವಿಗಾಗಿ ತೂಕವನ್ನು ಇಳಿಸಬಹುದು, ಎಂಜಿನ್ನನ್ನು ಬದಲಿಸಬಹುದು. ಆದರೆ ಚಾಲಕನನ್ನು ಕಾಯುವ ಕೊಳವೆಯೊಂದನ್ನು ತೆಗೆದು ಗಳಿಸಿದ ಗೆಲುವು ಗೆಲುವೇ ಅಲ್ಲ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚಾಸಿ ಎಂದರೇನು?
2. ‘ಮೊನೊಕಾಕ್’ ಎಂಬ ಹೆಸರಿನ ಅರ್ಥವೇನು?
3. ಕರಿವರ್ಧನ್ ಅವರು ರೂಪಿಸಿದ ಪಂದ್ಯದ ಕಾರು ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಲೇತನ್ನು ಕಟ್ಟುವವನಿಗೂ ಓಟದ ಕಾರನ್ನು ಕಟ್ಟುವವನಿಗೂ ಭಾರದ ವಿಷಯದಲ್ಲಿ ಇರುವ ವ್ಯತ್ಯಾಸವನ್ನು ವಿವರಿಸಿರಿ.
2. ಬಲಕ್ಕೂ ದೃಢತೆಗೂ ಇರುವ ಭೇದವೇನು?
3. ಮೊಂಜಾ ಪಥದ ಅಪಘಾತದಿಂದ ಜಗತ್ತು ಕಲಿತ ಪಾಠವೇನು?

ಇ. ಮಾಡಿ ನೋಡಿರಿ.
ಜೋಳದ ದಂಟು ಮತ್ತು ಗುಂಡುಸೂಜಿಗಳಿಂದ ಒಂದು ಪೆಟ್ಟಿಗೆಯಾಕಾರದ ಚೌಕಟ್ಟನ್ನು ಮಾಡಿರಿ. ಅದನ್ನು ತಿರುಚಿ ನೋಡಿರಿ. ಒಂದೊಂದೇ ಮುಖಕ್ಕೆ ವಾರೆಯ ತುಂಡನ್ನು ಸೇರಿಸುತ್ತ, ಪ್ರತಿಸಲವೂ ಆಗುವ ಬದಲಾವಣೆಯನ್ನು ಬರೆದಿಡಿರಿ.